ಒಂದೂವರೆ ಮನೆ ಶ್ರುತಿಯಲ್ಲಿ ‘ಚಾರಿಯಟ್ಸ್ ಆಫ್ ಫೈರ್’: ನನ್ನ ಅನುಭವ

ನಾನು ಸಂಗೀತ ಕಲಿಸುವ ಶಾಲೆಯಲ್ಲಿ ಕ್ರೀಡಾ ದಿನಾಚರಣೆಗೆ ಮಕ್ಕಳಿಂದ ಒಂದು ಮೂಕಾಭಿನಯ ಮಾಡಿಸಬೇಕೆಂದು ತೀರ್ಮಾನವಾದಾಗ, 1924ರ ಪ್ಯಾರಿಸ್ ಒಲಿಂಪಿಕ್ಸ್‌ನ ಇಬ್ಬರು ಬ್ರಿಟಿಷ್ ಓಟಗಾರರ ಕಥೆಯನ್ನು ಆರಿಸಿದವಳು ನಾನೇ. ಹ್ಯೂ ಹಡ್ಸನ್ ನಿರ್ದೇಶಿಸಿದ, 1981ರಲ್ಲಿ ತೆರೆಕಂಡ ‘ಚಾರಿಯಟ್ಸ್ ಆಫ್ ಫೈರ್’ ಚಿತ್ರದ ಆರಂಭದಲ್ಲಿ ಬಿಳಿ ಉಡುಪಿನ ಯುವಕರು ಬರಿಗಾಲಿನಲ್ಲಿ ಸಮುದ್ರದಂಚಿನ ನೀರನ್ನು ಚಿಮ್ಮಿಸುತ್ತ ನಿಧಾನಗತಿಯಲ್ಲಿ ಓಡಿಬರುವ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅದನ್ನು ಚಿತ್ರೀಕರಿಸಿದ್ದು ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಊರಿನ ವೆಸ್ಟ್ ಸ್ಯಾಂಡ್ಸ್ ಕಡಲತೀರದಲ್ಲಿ. ಆ ದೃಶ್ಯವನ್ನು ನಮ್ಮ ಶಾಲೆಯ ವೇದಿಕೆಯ ಮೇಲೆ ಹನ್ನೆರಡು ಮಕ್ಕಳಿಂದ ಮಾಡಿಸುವುದು, ಹಿನ್ನೆಲೆಯ ಸಂಗೀತವನ್ನು ನಾನು ಕೀಬೋರ್ಡಿನಲ್ಲಿ ನುಡಿಸುವುದು ಎಂದು ಗೊತ್ತುಮಾಡಿಕೊಂಡೆವು. ಧ್ವನಿಮುದ್ರಿಕೆಯನ್ನೇ ಹಾಕಿಬಿಡಬಹುದಿತ್ತು. ಆದರೆ ಮಕ್ಕಳು ವೇದಿಕೆಯನ್ನು ದಾಟಲು ತೆಗೆದುಕೊಳ್ಳುವ ಸಮಯ ಪ್ರತಿ ಸಲವೂ ಬೇರೆಯಾಗುತ್ತಿತ್ತು. ಅವರ ಜೊತೆಗೆ ಹಿಗ್ಗಿ ಕುಗ್ಗುವ ಸಂಗೀತ ಬೇಕಿತ್ತು.

ನನ್ನ ಕಲಿಕೆಯೆಲ್ಲ ವೀಣೆಯದು. ಕೀಬೋರ್ಡ್ ಮಕ್ಕಳಿಗೆ ಸ್ವರ ತೋರಿಸುವುದಕ್ಕೆಂದು ಶಾಲೆಯಲ್ಲಿರುವ ಅರವತ್ತೊಂದು ಮನೆಗಳ (ಬೆರಳಿನಿಂದ ಒತ್ತುವ ಕಪ್ಪು-ಬಿಳಿ ಪಟ್ಟಿಗಳ) ಸಾಧಾರಣ ವಾದ್ಯ. ಚಿತ್ರದ ಸಂಗೀತ ಮಾಡಿದ ಗ್ರೀಸ್ ದೇಶದ ವ್ಯಾಂಗೆಲಿಸ್ ಲಂಡನ್ನಿನ ತಮ್ಮ ನೆಮೋ ಸ್ಟುಡಿಯೋದಲ್ಲಿ ಪಿಯಾನೋ, ಸಿಂಥಸೈಜರ್ (ವಿದ್ಯುತ್ತಿನಿಂದ ನಾದ ಹುಟ್ಟಿಸುವ ವಾದ್ಯ), ತಾಳವಾದ್ಯ ಎಲ್ಲವನ್ನೂ ತಾವೇ ನುಡಿಸಿ ಅದನ್ನು ಕಟ್ಟಿದವರು. ಪಾಶ್ಚಾತ್ಯ ಸ್ವರಲಿಪಿಯನ್ನು ಓದಲು, ಬರೆಯಲು ಅವರು ಕಲಿಯಲೇ ಇಲ್ಲವೆಂದು ತಿಳಿದಾಗ ನನಗೆ ಧೈರ್ಯ ಬಂತು. ಕಿವಿಯಿಂದಲೇ ಹುಟ್ಟಿದ ಸಂಗೀತವನ್ನು ಕಿವಿಯಿಂದಲೇ ಕಲಿಯುವುದು ನಮ್ಮ ಪದ್ಧತಿಗೆ ಹೊಸದೇನಲ್ಲ.

ಆದರೂ ನನ್ನ ಮೊದಲ ಪ್ರಯತ್ನ ಪೂರ್ತಿ ತಪ್ಪಾಯಿತು. ಓಟದ ಸಂಗೀತವೆಂದರೆ ವೇಗವಾಗಿರಬೇಕೆಂದು ಭಾವಿಸಿ, ಕೀಬೋರ್ಡಿನಲ್ಲಿ ಸಿದ್ಧವಾಗಿರುವ ತಾಳಗಳಲ್ಲೊಂದನ್ನು ನಿಮಿಷಕ್ಕೆ 120 ಬಡಿತಕ್ಕೆ ಹೊಂದಿಸಿ, ಅದರ ಮೇಲೆ ರಾಗವನ್ನು ನುಡಿಸಿದೆ. ಮಕ್ಕಳು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಪಿ.ಟಿ. ಮೇಷ್ಟ್ರು ಕೈಯೆತ್ತಿ ನಿಲ್ಲಿಸಿ, “ಮಿಸ್, ಇದಕ್ಕೆ ಕವಾಯತು ಮಾಡಿಸಬಹುದು, ಓಡಿಸೋಕಾಗಲ್ಲ” ಎಂದರು. ಅವರ ಮಾತು ನಿಜವಾಗಿತ್ತು.

ಅಂದು ಸಂಜೆ ಮನೆಯಲ್ಲಿ ಇಯರ್‌ಫೋನ್ ಹಾಕಿಕೊಂಡು, ತೊಡೆಯ ಮೇಲೆ ತಾಳ ಹಾಕುತ್ತ ಮೂಲವನ್ನು ಕೇಳಿದೆ. ಮುಖ್ಯ ಬಡಿತ ನಿಮಿಷಕ್ಕೆ ಎಪ್ಪತ್ತರ ಆಸುಪಾಸಿನಲ್ಲಿದೆ. ಸುಮ್ಮನೆ ಕುಳಿತ ಮನುಷ್ಯನ ನಾಡಿಯಷ್ಟೇ. ಆದರೆ ಪ್ರತಿ ಬಡಿತದೊಳಗೆ ಸಿಂಥಸೈಜರಿನ ಒಂದೇ ಸ್ವರ ನಾಲ್ಕು ಸಲ ಮಿಡಿಯುತ್ತದೆ, ನಮ್ಮ ಚತುರಶ್ರ ನಡೆಯಂತೆ. ಎಂದರೆ ಸೆಕೆಂಡಿಗೆ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು ಮಿಡಿತ. ನೂರು ಮೀಟರ್ ಓಟದ ಪಳಗಿದ ಸ್ಪರ್ಧಿಯ ಹೆಜ್ಜೆಯೂ ಸೆಕೆಂಡಿಗೆ ನಾಲ್ಕರಿಂದ ಐದು. ಇದು ಹೊಳೆದಾಗ ನಾನು ಎದ್ದು ನಿಂತುಬಿಟ್ಟೆ. ಓಟಗಾರನ ಕಾಲಿನ ನಿಜವಾದ ವೇಗ ಆ ಮಿಡಿತದಲ್ಲಿದೆ. ಕಣ್ಣಿಗೆ ಕಾಣುವ ನಿಧಾನಗತಿ ಪಿಯಾನೋದ ರಾಗದಲ್ಲಿದೆ. ದ್ರುತವೂ ವಿಳಂಬವೂ ಒಟ್ಟಿಗೆ ನಡೆಯುತ್ತಿವೆ. ವ್ಯಾಂಗೆಲಿಸ್ ಹೀಗೆ ಲೆಕ್ಕ ಹಾಕಿ ಮಾಡಿದರೆಂದು ನಾನು ಹೇಳುವುದಿಲ್ಲ. ನುಡಿಸುವವಳಿಗೆ ದಾರಿ ತೆರೆದದ್ದು ಮಾತ್ರ ಈ ಲೆಕ್ಕವೇ.

ಶ್ರುತಿ ನಮ್ಮ ಲೆಕ್ಕದಲ್ಲಿ ಒಂದೂವರೆ ಮನೆ, ಎಂದರೆ ಮೊದಲನೆಯ ಕಪ್ಪು ಮನೆ. ಸ್ವರಗಳು ಶಂಕರಾಭರಣ ರಾಗದವು. ಷಡ್ಜದಲ್ಲಿ, ಎಂದರೆ ‘ಸ’ದಲ್ಲಿ ನಿಂತು, ‘ಮ ಪ ದ’ ಎಂದು ಒಂದೇ ಉಸಿರಿನಲ್ಲಿ ಏರಿ, ಧೈವತದಲ್ಲಿ ಕ್ಷಣಕಾಲ ತಂಗಿ, ‘ಪ ಗ’ ಎಂದು ಇಳಿಯುತ್ತದೆ. ಎರಡನೆಯ ಸಲ ಅದೇ ಏರಿಕೆ, ಆದರೆ ಪಂಚಮದಲ್ಲೇ ನಿಲುಗಡೆ. ಮೂರನೆಯ ಸಲ ಮತ್ತೆ ಗಾಂಧಾರಕ್ಕೆ ಬಂದು, ಆಮೇಲೆ ‘ಗ ಮ ಗ ಸ’ ಎಂದು ಮನೆ ಸೇರುತ್ತದೆ. ಪಲ್ಲವಿಗೆ ಸಂಗತಿ ಹಾಕಿದಂತೆಯೇ, ಒಂದೇ ಸಾಲನ್ನು ಸ್ವಲ್ಪ ಸ್ವಲ್ಪ ಬದಲಿಸಿ ಹಾಡಿದಂತೆಯೇ ಇದೆ. ಕೆಳಗೆ ಕಾರ್ಡುಗಳು (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು) ಷಡ್ಜದಿಂದ ಮಧ್ಯಮಕ್ಕೆ, ಪಂಚಮಕ್ಕೆ ಬದಲಾಗುತ್ತಿದ್ದರೂ ಮಿಡಿಯುವ ಷಡ್ಜ ಮಾತ್ರ ತನ್ನ ಜಾಗ ಬಿಟ್ಟು ಕದಲುವುದಿಲ್ಲ. ತಂಬೂರಿಯ ಜೊತೆ ಬೆಳೆದ ಕಿವಿಗೆ ಇದು ಬಹಳ ಹಿತವಾದ ಸಂಗತಿ.

ಕಷ್ಟವಿದ್ದದ್ದು ರಾಗದಲ್ಲಲ್ಲ, ಈ ಷಡ್ಜದಲ್ಲಿ. 2012ರ ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಸೈಮನ್ ರಾಟಲ್ ಅವರು ಲಂಡನ್ ಸಿಂಫನಿ ಆರ್ಕೆಸ್ಟ್ರಾವನ್ನು ನಡೆಸುತ್ತಿದ್ದಾಗ, ಮಿಸ್ಟರ್ ಬೀನ್ ವೇಷದ ರೋವನ್ ಅಟ್ಕಿನ್ಸನ್ ಅದೊಂದೇ ಸ್ವರವನ್ನು ಒತ್ತುತ್ತ ಬೇಸರಪಟ್ಟುಕೊಂಡ ದೃಶ್ಯ ಅನೇಕರಿಗೆ ನೆನಪಿರಬಹುದು. ಆಗ ನಾನೂ ಮನಸಾರೆ ನಕ್ಕಿದ್ದೆ. ಆ ಸ್ವರವನ್ನು ಎಡಗೈಯ ತೋರುಬೆರಳಿನಿಂದ ಎರಡು ನಿಮಿಷ ಒಂದೇ ಸಮನೆ ಒತ್ತಿ ನೋಡಿದ ಮೇಲೆ ಅದು ಎಂಥ ಕೆಲಸವೆಂದು ಗೊತ್ತಾಯಿತು: ಮೊದಲು ಮಣಿಕಟ್ಟು ಬಿಗಿಯುತ್ತದೆ, ಆಮೇಲೆ ಬಲಗೈ ಏರಿದಾಗಲೆಲ್ಲ ಎಡಗೈ ತಾನೂ ಅವಸರಪಡುತ್ತದೆ, ಧೈವತದಲ್ಲಿ ನಿಂತಾಗ ತಾನೂ ನಿಲ್ಲಲು ನೋಡುತ್ತದೆ.

ಪರಿಹಾರ ಸಿಕ್ಕಿದ್ದು ವೀಣೆಯಿಂದ. ವೀಣೆಯಲ್ಲಿ ತೋರುಬೆರಳು, ನಡುಬೆರಳು ಸರದಿಯ ಮೇಲೆ ಮೀಟುತ್ತವೆ. ಕಿರುಬೆರಳು ಪಕ್ಕದ ತಾಳದ ತಂತಿಗಳನ್ನು ತನ್ನ ಪಾಡಿಗೆ ನುಡಿಸುತ್ತಿರುತ್ತದೆ. ಅದೇ ರೀತಿ ಎಡಗೈಯ ಎರಡು ಬೆರಳುಗಳನ್ನು ಸರದಿಯ ಮೇಲೆ ಒಂದೇ ಮನೆಯ ಮೇಲೆ ಬೀಳಿಸಿದೆ. ಒಂದು ವಾರ ರಾಗವನ್ನು ಮುಟ್ಟಲೇ ಇಲ್ಲ. ಎಡಗೈಯಲ್ಲಿ ಮಿಡಿತ, ಬಾಯಲ್ಲಿ ‘ತಕಧಿಮಿ’, ಅದು ಸ್ಥಿರವಾದ ಮೇಲೆ ಬಾಯಲ್ಲಿ ರಾಗ, ಕೊನೆಗೆ ಬಲಗೈ. ಇದನ್ನು ಪ್ರಯತ್ನಿಸುವವರಿಗೆ ನಾನು ಹೇಳುವುದು ಈ ಕ್ರಮವನ್ನೇ. ಕೀಬೋರ್ಡಿನ ಸ್ವಯಂಚಾಲಿತ ಮಿಡಿತವನ್ನು ಬಳಸಬಹುದು, ಆದರೆ ಮಕ್ಕಳ ಜೊತೆಗೆ ಹಿಗ್ಗುವುದು ಅದಕ್ಕೆ ಬರುವುದಿಲ್ಲ.

ಇನ್ನೊಂದು ಅಡಚಣೆ ನಾದದ್ದು. ವ್ಯಾಂಗೆಲಿಸ್ ಬಳಸುತ್ತಿದ್ದ ಯಮಹಾ ಸಿಎಸ್-80 ಸುಮಾರು ನೂರು ಕಿಲೋ ತೂಕದ ಸಿಂಥಸೈಜರ್. ಅದರಲ್ಲಿ ಒತ್ತಿದ ಮನೆಯನ್ನು ಇನ್ನಷ್ಟು ಅದುಮಿದರೆ ಆ ಸ್ವರವೊಂದೇ ಅರಳುತ್ತದೆ, ಪಕ್ಕದ ಸ್ವರಗಳು ಹಾಗೆಯೇ ಇರುತ್ತವೆ. ತಂತಿಯನ್ನು ಎಳೆದು ಸ್ವರಕ್ಕೆ ಜೀವ ತುಂಬುವ ನಮಗೆ ಇದರ ಬೆಲೆ ಏನೆಂದು ಹೇಳಬೇಕಾಗಿಲ್ಲ. ನನ್ನ ವಾದ್ಯದಲ್ಲಿ ಆ ಸೌಲಭ್ಯವಿಲ್ಲ. ವಾಲ್ಯೂಮ್ ಪೆಡಲ್ ಒಂದನ್ನು ಎರವಲು ತಂದು, ಪಂಚಮದ ನಿಲುಗಡೆಯಲ್ಲಿ ಮೆಲ್ಲಗೆ ಒತ್ತಿ ಬಿಡುತ್ತಿದ್ದೆ. ಎಲ್ಲ ಸ್ವರಗಳೂ ಒಟ್ಟಿಗೇ ಉಬ್ಬುತ್ತಿದ್ದವು, ಆದರೂ ಉಸಿರಾಡಿದಂತೆ ಕೇಳುತ್ತಿತ್ತು. ರಾಗಕ್ಕೆ ಗಮಕ, ಎಂದರೆ ಸ್ವರದ ತೂಗಾಟ, ಸೇರಿಸುವ ಆಸೆಯನ್ನು ಮಾತ್ರ ಬಿಟ್ಟೆ. ಸ್ವರಗಳು ನೇರವಾಗಿ, ಒಂದರ ಪಕ್ಕ ಒಂದು ನಿಂತಾಗಲೇ ಅದರ ಗಾಂಭೀರ್ಯ.

ಅಭ್ಯಾಸದ ನಡುವೆ ಮಕ್ಕಳಿಗೆ ಕಥೆ ಹೇಳುತ್ತಿದ್ದೆ. ಹೆರಾಲ್ಡ್ ಏಬ್ರಹಾಮ್ಸ್ ಯಹೂದಿಯಾಗಿ ತಾನು ಅನುಭವಿಸಿದ ಅಸಡ್ಡೆಗೆ ಓಟದಿಂದಲೇ ಉತ್ತರ ಕೊಡಲು ಹೊರಟು, 100 ಮೀಟರನ್ನು 10.6 ಸೆಕೆಂಡುಗಳಲ್ಲಿ ಗೆದ್ದದ್ದು; ಪ್ರಾಥಮಿಕ ಸುತ್ತು ಭಾನುವಾರ ಬಿದ್ದುದರಿಂದ ಎರಿಕ್ ಲಿಡೆಲ್ ಆ ಓಟವನ್ನೇ ಬಿಟ್ಟುಕೊಟ್ಟು, 400 ಮೀಟರಿನಲ್ಲಿ 47.6 ಸೆಕೆಂಡುಗಳಿಗೆ ಚಿನ್ನ ಪಡೆದದ್ದು. ಚಿತ್ರದಲ್ಲಿ ಲಿಡೆಲ್‌ಗೆ ಹಡಗು ಹತ್ತುವಾಗ ಈ ಸುದ್ದಿ ತಿಳಿಯುತ್ತದೆ. ವಾಸ್ತವದಲ್ಲಿ ಅವರಿಗೆ ತಿಂಗಳುಗಳ ಮೊದಲೇ ಗೊತ್ತಿತ್ತು, ಅಷ್ಟೂ ಕಾಲ 400 ಮೀಟರಿಗಾಗಿ ಸಿದ್ಧತೆ ನಡೆಸಿದ್ದರು. ಮಕ್ಕಳಿಗೆ ನಾನು ಹೇಳಿದ್ದು ಈ ನಿಜವನ್ನೇ, ಏಕೆಂದರೆ ನನಗೆ ಚಿತ್ರದ ಸನ್ನಿವೇಶಕ್ಕಿಂತ ಆ ತಿಂಗಳುಗಳ ದುಡಿಮೆಯೇ ದೊಡ್ಡದಾಗಿ ಕಾಣುತ್ತದೆ. ಏಬ್ರಹಾಮ್ಸ್‌ರ ತರಬೇತುದಾರ ಸ್ಯಾಮ್ ಮುಸ್ಸಬಿನಿ ಕ್ರೀಡಾಂಗಣಕ್ಕೆ ಹೋಗದೆ ಕೋಣೆಯಲ್ಲೇ ಕಾದು, ಕಿಟಕಿಯಿಂದ ಬ್ರಿಟನ್ನಿನ ಬಾವುಟ ಏರುವುದನ್ನು ಕಂಡು ಶಿಷ್ಯ ಗೆದ್ದನೆಂದು ತಿಳಿಯುವ ದೃಶ್ಯವನ್ನು ಹೇಳುವಾಗ ಪಿ.ಟಿ. ಮೇಷ್ಟ್ರೂ ಬಂದು ಕುಳಿತು ಕೇಳಿದರು.

ಉಳಿದದ್ದು ಮುಕ್ತಾಯದ ಪ್ರಶ್ನೆ. ಧ್ವನಿಮುದ್ರಿಕೆಯಲ್ಲಿ ಸಂಗೀತ ಮುಗಿಯುವುದಿಲ್ಲ, ಸದ್ದು ಕಡಿಮೆಯಾಗುತ್ತ ಕರಗಿಹೋಗುತ್ತದೆ. ವೇದಿಕೆಯಲ್ಲಿ ನಾನು ಮೊದಲು ರಾಗವನ್ನು ಬಿಟ್ಟೆ, ಆಮೇಲೆ ಕಾರ್ಡುಗಳನ್ನು. ಕೊನೆಯ ಹುಡುಗಿ ಪರದೆಯ ಹಿಂದೆ ಮರೆಯಾಗುವವರೆಗೆ ಎಡಗೈಯ ಷಡ್ಜ ಮಾತ್ರ ಮಿಡಿಯುತ್ತಿತ್ತು. ಅವಳ ಹಿಮ್ಮಡಿ ಕಾಣದಾದ ಕ್ಷಣದಲ್ಲಿ ಪೆಡಲನ್ನು ಪೂರ್ತಿ ಬಿಟ್ಟೆ.