ಕಣ್ಣು ಕಾಣದ ದಂಪತಿ ಕ್ರೂಸ್ ಪ್ರವಾಸಕ್ಕೆ ಹೊರಡುವ ಮುನ್ನ

ಕಲಬುರಗಿಯಲ್ಲಿ ಹುಟ್ಟಿ ಬೆಳೆದವರಿಗೆ ನೀರೆಂದರೆ ಭೀಮಾ ನದಿ, ಬೆಣ್ಣೆತೊರಾ ಜಲಾಶಯ, ಇಲ್ಲವೇ ಬೇಸಿಗೆಯಲ್ಲಿ ಓಣಿಗೆ ಬರುವ ಟ್ಯಾಂಕರ್. ನಾನು ಪೂರ್ಣ ಅಂಧಳು. ನಮ್ಮ ಮನೆಯವರಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಣ್ಣಿನ ಕಾಯಿಲೆ ಇರುವುದರಿಂದ ಹಗಲಿನಲ್ಲಿ ಕೊಳವೆಯೊಳಗಿಂದ ನೋಡಿದಷ್ಟು ಮಾತ್ರ ಕಾಣುತ್ತದೆ. ಹೊತ್ತು ಮುಳುಗಿದರೆ ಅವರೂ ನನ್ನಂತೆಯೇ. ನಾವಿಬ್ಬರೇ ಮುಂಬೈಯಲ್ಲಿ ಹಡಗು ಹತ್ತಿ ನಾಲ್ಕು ರಾತ್ರಿ ಕಳೆದು ಬಂದೆವೆಂದರೆ ಓಣಿಯವರು ಮೊದಲು ಕೇಳುವುದು, ‘ನಿಮ್ ಜೋಡಿ ಯಾರ್ ಬಂದಿದ್ರು ರೀ ಅಕ್ಕೋರೆ?’ ಎಂದು. ಯಾರೂ ಬಂದಿರಲಿಲ್ಲ. ಅದು ಹೇಗೆ ಸಾಧ್ಯವಾಯಿತು, ಯಾವುದನ್ನು ಮೊದಲೇ ಮಾಡಿಕೊಳ್ಳಬೇಕು, ನಾವು ಎಲ್ಲಿ ಎಡವಿದೆವು ಎಂಬುದನ್ನು ನಮ್ಮಂತೆಯೇ ಹೊರಡಬಯಸುವವರಿಗಾಗಿ ಬರೆಯುತ್ತಿದ್ದೇನೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಅರಬ್ಬೀ ಸಮುದ್ರ ಒರಟಾಗಿರುತ್ತದೆಯಾದ್ದರಿಂದ ದೀಪಾವಳಿಯ ನಂತರದ ತಿಂಗಳುಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು. ಕೋಣೆಯನ್ನು ಗೊತ್ತುಮಾಡುವಾಗ ಏಜೆಂಟರು, ನೀವು ಅಂಗವಿಕಲರೆಂದು ತಿಳಿದ ಕೂಡಲೇ, ವೀಲ್‌ಚೇರ್ ಬಳಸುವವರಿಗಾಗಿ ಮಾಡಿದ ದೊಡ್ಡ ಕೋಣೆಯನ್ನು ತೋರಿಸುತ್ತಾರೆ. ನಮಗೆ ಅದು ಬೇಡ. ಕೋಣೆ ದೊಡ್ಡದಾದಷ್ಟೂ ಕೈಗೆ ಸಿಗುವ ಗೋಡೆ ದೂರವಾಗುತ್ತದೆ. ಸಾಧಾರಣ ಕೋಣೆಯಲ್ಲಿ ಮಂಚದಿಂದ ಮೂರು ಹೆಜ್ಜೆಗೆ ಬಾಗಿಲು, ಎರಡು ಹೆಜ್ಜೆಗೆ ಬಾತ್‌ರೂಮ್. ಕೇಳಬೇಕಾದದ್ದು ಎರಡೇ: ಕೋಣೆ ಹಡಗಿನ ಉದ್ದದ ನಡುಭಾಗದಲ್ಲಿ, ಕೆಳಗಿನ ಮಹಡಿಯೊಂದರಲ್ಲಿ ಇರಬೇಕು, ಏಕೆಂದರೆ ತೂಗಾಟ ಅಲ್ಲಿ ಕಡಿಮೆ, ಮತ್ತು ಮೆಟ್ಟಿಲಿಗೆ ಹೋಗುವ ದಾರಿಯಲ್ಲಿ ಒಂದಕ್ಕಿಂತ ಹೆಚ್ಚು ತಿರುವು ಇರಬಾರದು.

ಇನ್ನು ಸಹಾಯದ ಮಾತು. ನಾವು ಅರ್ಜಿಯಲ್ಲಿ ‘ಸಹಾಯ ಬೇಕು’ ಎಂಬಲ್ಲಿ ಗುರುತು ಹಾಕಿ ಸುಮ್ಮನಾಗಿದ್ದೆವು. ಬಂದರಿನಲ್ಲಿ ಇಳಿದಾಗ ಎರಡು ವೀಲ್‌ಚೇರ್‌ಗಳು ಸಿದ್ಧವಾಗಿದ್ದವು. ಕಾಲು ಗಟ್ಟಿಯಾಗಿವೆ, ಕಣ್ಣಷ್ಟೇ ಇಲ್ಲ ಎಂದು ತಿಳಿಸಿಹೇಳುವುದರಲ್ಲಿ ಅರ್ಧ ಗಂಟೆ ಕಳೆಯಿತು. ಕುಳಿತುಕೊಳ್ಳದಿದ್ದರೆ ಒಳಗೆ ಬಿಡಲು ಆಗದು ಎನ್ನುವವರೆಗೂ ಮಾತು ಹೋಯಿತು. ಆದ್ದರಿಂದ ನೀವು ಟಿಕೆಟ್ ಕೊಂಡ ದಿನವೇ ಇ-ಮೇಲ್ ಮೂಲಕ ನಿಮಗೆ ಬೇಕಾದ ಸಹಾಯದ ರೂಪವನ್ನೇ ಬರೆದು ಕಳುಹಿಸಿ: ಜೊತೆಗೆ ನಡೆಯಲು ಒಬ್ಬ ವ್ಯಕ್ತಿ ಬೇಕು, ಅವರ ಮೊಳಕೈಯನ್ನು ನಾವು ಹಿಡಿಯುತ್ತೇವೆ, ಅವರು ನಮ್ಮನ್ನು ಹಿಡಿದು ತಳ್ಳಬಾರದು, ವೀಲ್‌ಚೇರ್ ಬೇಡ, ಹಡಗು ಹತ್ತಿದ ದಿನ ಅರ್ಧ ಗಂಟೆ ಹಡಗನ್ನು ಪರಿಚಯಿಸಬೇಕು. ಕಣ್ಣಿರುವವರು ಜೊತೆಗಿಲ್ಲದೆ ಹತ್ತಿಸಿಕೊಳ್ಳುವುದಿಲ್ಲ ಎಂದು ಯಾರಾದರೂ ಫೋನಿನಲ್ಲಿ ಹೇಳಿದರೆ ಆ ಮಾತನ್ನು, ಕಾರಣ ಸಹಿತ, ಬರವಣಿಗೆಯಲ್ಲಿ ಕೇಳಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಮೂರನೆಯ ಕಲಂ ಅಂಗವೈಕಲ್ಯದ ಆಧಾರದ ಮೇಲೆ ತಾರತಮ್ಯ ಮಾಡುವುದನ್ನು ನಿಷೇಧಿಸುತ್ತದೆ. ನ್ಯಾಯಸಮ್ಮತ ಉದ್ದೇಶಕ್ಕೆ ತಕ್ಕಷ್ಟೇ ಇರುವ ನಿರ್ಬಂಧಕ್ಕೆ ಮಾತ್ರ ಅಲ್ಲಿ ಅವಕಾಶವಿದೆ.

ಕಲಬುರಗಿಯಿಂದ ಮುಂಬೈಗೆ ಉದ್ಯಾನ್ ಎಕ್ಸ್‌ಪ್ರೆಸ್ ನೇರವಾಗಿ ಹೋಗುತ್ತದೆ. ಪೂರ್ಣ ಅಂಧರಿಗೂ ಅವರ ಜೊತೆಗಾರರಿಗೂ ಸ್ಲೀಪರ್ ಮತ್ತು ತ್ರೀ ಟಯರ್ ಎ.ಸಿ.ಯಲ್ಲಿ ಶೇ. 75, ಟು ಟಯರ್ ಎ.ಸಿ.ಯಲ್ಲಿ ಶೇ. 50 ರಿಯಾಯಿತಿ ಇದೆ. ನಮ್ಮ ಊರು ಸೊಲ್ಲಾಪುರ ರೈಲ್ವೆ ವಿಭಾಗಕ್ಕೆ ಸೇರಿರುವುದರಿಂದ ರಿಯಾಯಿತಿ ಕಾರ್ಡು ಅಲ್ಲಿಂದ ಬರಬೇಕು. ಸ್ವಲ್ಪ ಕಾಣುವವರಿಗೆ ಈ ರಿಯಾಯಿತಿ ಇಲ್ಲ. ಹೀಗಾಗಿ ಕಾಗದದ ಮೇಲೆ ನಮ್ಮ ಮನೆಯವರು ನನ್ನ ಸಹಾಯಕರು. ರಾತ್ರಿ ಬೋಗಿಯಲ್ಲಿ ಅವರನ್ನು ಶೌಚಾಲಯದವರೆಗೆ ಕರೆದುಕೊಂಡು ಹೋದವಳು ನಾನು. ಹಡಗು ಹೊರಡುವ ದಿನವೇ ಮುಂಬೈ ಮುಟ್ಟುವಂತೆ ಟಿಕೆಟ್ ಮಾಡಿಸಬೇಡಿ, ಹಿಂದಿನ ದಿನವೇ ಸೇರಿ. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಿಂದ ಹಡಗು ಹತ್ತುವ ಬಲ್ಲಾರ್ಡ್ ಪಿಯರ್‌ಗೆ ಟ್ಯಾಕ್ಸಿಯಲ್ಲಿ ಸ್ವಲ್ಪವೇ ದೂರ. ಲಕ್ಷದ್ವೀಪಕ್ಕೆ ಹೋಗುವ ಹಡಗಾದರೆ ಅಲ್ಲಿನ ಪ್ರವೇಶಕ್ಕೆ ಭಾರತೀಯರಿಗೂ ಅನುಮತಿಪತ್ರ ಬೇಕು. ಅದನ್ನು ಯಾರು ಮಾಡಿಸುತ್ತಾರೆಂದು ಮೊದಲೇ ಕೇಳಿಕೊಳ್ಳಿ. ಆಧಾರ್ ಮತ್ತು ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡುಗಳು ಕೈಚೀಲದಲ್ಲೇ ಇರಲಿ.

ಹಡಗು ಹತ್ತಿದ ಮೊದಲ ಎರಡು ಗಂಟೆಗಳಲ್ಲಿ ಎಲ್ಲರೂ ಊಟದ ಹಾಲ್‌ಗೆ ಓಡುತ್ತಾರೆ. ನೀವು ಓಡಬೇಡಿ. ಮುಂದಿನ ನಾಲ್ಕು ದಿನ ಹೇಗೆ ಕಳೆಯುತ್ತವೆ ಎಂಬುದು ಆ ಎರಡು ಗಂಟೆಗಳಲ್ಲಿಯೇ ತೀರ್ಮಾನವಾಗುತ್ತದೆ. ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಬಲಗೈಯನ್ನು ಗೋಡೆಯ ಉದ್ದಕ್ಕೂ ಇರುವ ಹಿಡಿಗಂಬಿಯ ಮೇಲೆ ಇಟ್ಟು, ಮೆಟ್ಟಿಲಿನವರೆಗೆ ಎಷ್ಟು ಬಾಗಿಲು ಬರುತ್ತವೆ ಎಂದು ಎಣಿಸಿ. ಹಿಂದಿರುಗುವಾಗ ಎಡಗೈಯಲ್ಲಿ ಮತ್ತೆ ಎಣಿಸಿ. ಹೆಜ್ಜೆಯ ಲೆಕ್ಕವನ್ನು ನಂಬಬೇಡಿ. ಹಡಗು ತೂಗಿದಾಗ ಹೆಜ್ಜೆ ಗಿಡ್ಡವಾಗುತ್ತದೆ, ಬಾಗಿಲುಗಳು ಮಾತ್ರ ಅಷ್ಟೇ ಇರುತ್ತವೆ. ನಮ್ಮ ಕೋಣೆ ಮೆಟ್ಟಿಲಿನಿಂದ ಒಂಬತ್ತನೆಯದು. ಅನೇಕ ಹಡಗುಗಳಲ್ಲಿ ಕೋಣೆಯ ಸಂಖ್ಯೆ ಬೆರಳಿಗೆ ತಾಗುವಂತೆ ಉಬ್ಬಿರುತ್ತದೆ, ಕೆಲವೆಡೆ ಬ್ರೈಲ್‌ನಲ್ಲಿಯೂ ಇರುತ್ತದೆ. ಆದರೂ ನಾನು ಹಿಡಿಕೆಗೆ ದಾರವೊಂದನ್ನು ಮೂರು ಗಂಟು ಹಾಕಿ ಕಟ್ಟಿದ್ದೆ. ಮರುದಿನ ಅದು ಮಾಯವಾಗಿತ್ತು. ಕೋಣೆ ಶುಚಿಮಾಡುವ ಹುಡುಗ ಕಸವೆಂದು ಬಿಚ್ಚಿ ಎಸೆದಿದ್ದ! ತಪ್ಪು ಅವನದಲ್ಲ, ಹೇಳದ ನಮ್ಮದು. ಅವನಿಗೆ ಮೊದಲ ದಿನವೇ ಎರಡು ಮಾತು ಹೇಳಿಡಿ: ದಾರ ತೆಗೆಯಬಾರದು, ನಾವು ಇಟ್ಟ ವಸ್ತುವನ್ನು ಜಾಗ ಬದಲಿಸಬಾರದು. ಬಾತ್‌ರೂಮಿನ ಹೊಸ್ತಿಲು ಎತ್ತರವಾಗಿರುತ್ತದೆ. ಹೆಬ್ಬೆರಳಿಗೆ ಪೆಟ್ಟು ಬೀಳುವ ಮುನ್ನವೇ ಅದನ್ನು ಕೋಲಿನಿಂದ ಗುರುತಿಸಿಕೊಳ್ಳಿ. ಶಾಂಪೂ ಬಾಟಲಿಗೆ ರಬ್ಬರ್ ಬ್ಯಾಂಡ್, ನಿಮ್ಮ ಕೀಲಿ ಕಾರ್ಡಿನ ಮೂಲೆಗೆ ಚೂರು ಟೇಪ್ ಅಂಟಿಸಿದರೆ ಗಂಡ ಹೆಂಡತಿಯ ನಡುವೆ ಅರ್ಧದಷ್ಟು ಜಗಳ ತಪ್ಪುತ್ತದೆ.

ಸುರಕ್ಷತಾ ಕವಾಯತು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ನಡೆಯಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಕೆಲವೆಡೆ ಅದನ್ನು ಟಿ.ವಿ. ಪರದೆಯ ಮೇಲೆ ತೋರಿಸಿ ಮುಗಿಸುತ್ತಾರೆ. ನಮಗೆ ಅದರಿಂದ ಏನೂ ಪ್ರಯೋಜನವಿಲ್ಲ. ಸಿಬ್ಬಂದಿಯೊಬ್ಬರನ್ನು ಕರೆದು, ಕೋಣೆಯಿಂದ, ಅಪಾಯದ ಹೊತ್ತಿನಲ್ಲಿ ನೀವು ಹೋಗಿ ಸೇರಬೇಕಾದ ಜಾಗದವರೆಗೆ ಲಿಫ್ಟ್ ಬಳಸದೆ ಮೆಟ್ಟಿಲಿನಲ್ಲಿಯೇ ಎರಡು ಸಲ ನಡೆಸಲು ಕೇಳಿ. ಲೈಫ್ ಜಾಕೆಟ್ ಅನ್ನು ನಿಮ್ಮ ಕೈಯಿಂದಲೇ ತೊಟ್ಟು, ಪಟ್ಟಿ ಬಿಗಿದು, ಸೀಟಿ ಎಲ್ಲಿ ತೂಗುತ್ತದೆಂದು ಮುಟ್ಟಿ ನೋಡಿ. ಅಪಾಯದ ಸಂಕೇತ ಏಳು ಅಥವಾ ಹೆಚ್ಚು ಗಿಡ್ಡ ಸದ್ದುಗಳು, ಅವುಗಳ ಹಿಂದೆ ಒಂದು ಉದ್ದನೆಯ ಸದ್ದು. ನೆಲದ ಮೇಲಿನ ಹೊಳೆಯುವ ಪಟ್ಟಿಗಳನ್ನು ಕಣ್ಣಿದ್ದವರು ನೋಡಿಕೊಳ್ಳಲಿ, ನಮ್ಮ ಪಾಲಿಗೆ ಹಿಡಿಗಂಬಿಯೇ ದಾರಿ.

ಸಮುದ್ರದ ನಡುವೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಹಡಗಿನ ಉಪಗ್ರಹ ಜಾಲಕ್ಕೆ ಫೋನ್ ತಾನಾಗಿ ಅಂಟಿಕೊಂಡರೆ ಬಿಲ್ ಕೈಸುಡುತ್ತದೆ, ಆದ್ದರಿಂದ ಏರ್‌ಪ್ಲೇನ್ ಮೋಡ್‌ನಲ್ಲಿಡಿ. ಕ್ಯಾಮೆರಾ ಮೂಲಕ ಅಪರಿಚಿತ ಸ್ವಯಂಸೇವಕರ ಕಣ್ಣನ್ನು ಎರವಲು ಕೊಡುವ ಬಿ ಮೈ ಐಸ್ ಆ್ಯಪ್ ಇಂಟರ್‌ನೆಟ್ ಇಲ್ಲದೆ ನಡೆಯದು. ಇಂಟರ್‌ನೆಟ್ ಇಲ್ಲದೆಯೇ ಅಚ್ಚಾದ ಅಕ್ಷರವನ್ನು ಓದುವ ಆ್ಯಪ್ ಒಂದನ್ನು ಮನೆಯಲ್ಲಿಯೇ ಹಾಕಿಕೊಂಡು, ದಾಲ್ ಪಾಕೀಟಿನ ಮೇಲೆ ಪರೀಕ್ಷಿಸಿಕೊಂಡು ಬನ್ನಿ. ದಡಕ್ಕಿಳಿದಾಗ ನೋಟು ಗುರುತಿಸಲು ರಿಸರ್ವ್ ಬ್ಯಾಂಕ್ 2020ರ ಜನವರಿ 1ರಂದು ಬಿಡುಗಡೆ ಮಾಡಿದ ಮಣಿ ಆ್ಯಪ್ ಸಾಕು, ಅದೂ ಇಂಟರ್‌ನೆಟ್ ಬೇಡುವುದಿಲ್ಲ. ದಿನದ ಕಾರ್ಯಕ್ರಮಪಟ್ಟಿ ಕಾಗದದ ಮೇಲೆ ಬಂದರೆ, ಅದನ್ನೇ ಪಠ್ಯರೂಪದಲ್ಲಿ ಕಳುಹಿಸಲು ಸ್ವಾಗತ ಕೌಂಟರಿನಲ್ಲಿ ಕೇಳಿ.

ಬಫೆ ಊಟದಲ್ಲಿ ಸಾಲಿನಲ್ಲಿ ನಿಂತು ಬಿಸಿ ಪಾತ್ರೆಗಳ ನಡುವೆ ಕೈಯಾಡಿಸುವ ಸಾಹಸ ಬೇಡ. ಒಂದೇ ಮೇಜನ್ನು ಪ್ರತಿದಿನವೂ ಕೇಳಿ ಪಡೆಯಿರಿ, ತಟ್ಟೆಯನ್ನೇ ಗಡಿಯಾರವೆಂದುಕೊಂಡು ಜಾಗ ಹೇಳುವ ಲೆಕ್ಕವನ್ನು ಬಡಿಸುವವರಿಗೆ ಕಲಿಸಿ: ಹನ್ನೆರಡಕ್ಕೆ ಅನ್ನ, ಮೂರಕ್ಕೆ ಪಲ್ಯ, ಒಂಬತ್ತಕ್ಕೆ ಮೊಸರು. ಎರಡನೆಯ ದಿನದಿಂದ ನಮ್ಮ ಮೇಜಿನವನೇ ‘ಆರು ಗಂಟೆಗೆ ಉಪ್ಪಿನಕಾಯಿ, ಮೇಡಂ’ ಎಂದು ಹಿಂದಿಯಲ್ಲಿ ಹೇಳತೊಡಗಿದ. ಕಟಿರೊಟ್ಟಿ, ಶೇಂಗಾ ಹಿಂಡಿ ಒಯ್ಯಲು ಅನುಮತಿ ಇದೆಯೇ ಎಂದು ಮೊದಲು ವಿಚಾರಿಸಿ. ಹೊಟ್ಟೆ ತೊಳಸುವುದಕ್ಕೆ ಮಾತ್ರೆ ಬೇಕಿದ್ದರೆ ಊರಿನ ಡಾಕ್ಟರರನ್ನು ಕೇಳಿಯೇ ತನ್ನಿ.

ಏನನ್ನೂ ಕಾಣದೆ ಡೆಕ್ ಮೇಲೆ ಏನು ಮಾಡುತ್ತೀರಿ ಎಂದು ಕೇಳುವವರಿದ್ದಾರೆ. ಬೆಳಗಿನ ಹೊತ್ತು ಮೇಲಿನ ಡೆಕ್‌ನ ಕಂಬಿ ಹಿಡಿದರೆ ಅಂಗೈಗೆ ಉಪ್ಪು ಅಂಟುತ್ತದೆ. ಸಮುದ್ರದ ಗಾಳಿ ಹೆಚ್ಚಿಲ್ಲದ ದಿನ ಹಡಗು ಸಾಗುವಾಗ ಗಾಳಿ ಮುಖಕ್ಕೆ ಹೊಡೆದರೆ ನೀವು ಹಡಗಿನ ಮೂತಿಯ ಕಡೆಗೆ ತಿರುಗಿದ್ದೀರಿ ಎಂದರ್ಥ. ಹಿಂಬದಿಗೆ ನಡೆದಂತೆಲ್ಲ ನೀರು ಮಗುಚುವ ಸದ್ದು ದಪ್ಪವಾಗುತ್ತದೆ. ಸಂಜೆ ಇವರು ಬಣ್ಣ ಹೇಳುತ್ತಾ ನಿಂತು, ಬೆಳಕು ಕುಂದಿದಂತೆ ಮಾತು ನಿಲ್ಲಿಸಿ, ನನ್ನ ಮೊಳಕೈ ಹಿಡಿದರು. ಅಲ್ಲಿಂದ ಕೋಣೆಯವರೆಗೆ ಬಾಗಿಲು ಎಣಿಸುವ ಕೆಲಸ ನನ್ನದು.

ದ್ವೀಪದ ಬಳಿ ದೊಡ್ಡ ಹಡಗು ದೂರದಲ್ಲಿಯೇ ನಿಂತು ಜನರನ್ನು ಸಣ್ಣ ದೋಣಿಗೆ ಇಳಿಸುತ್ತದೆ. ಇಡೀ ಪ್ರವಾಸದಲ್ಲಿ ನಿಜವಾಗಿ ಎಚ್ಚರ ಬೇಕಾದ ಹೆಜ್ಜೆ ಇದೊಂದೇ, ಏಕೆಂದರೆ ದೋಣಿ ಏರಿಳಿಯುತ್ತಲೇ ಇರುತ್ತದೆ. ಕೋಲನ್ನು ಮಡಿಸಿ ಚೀಲದಲ್ಲಿಡಿ, ಎರಡೂ ಕೈ ಖಾಲಿಯಿರಲಿ, ನಾವಿಕನು ‘ಈಗ’ ಎಂದಾಗ ಮಾತ್ರ ಕಾಲಿಡುತ್ತೇವೆಂದು ಅವನಿಗೆ ಮೊದಲೇ ಹೇಳಿ. ಅಲೆ ಜೋರಾಗಿದ್ದರೆ ಇಳಿಯದಿದ್ದರೂ ನಷ್ಟವಿಲ್ಲ. ಎಲ್ಲರೂ ಇಳಿದ ಮೇಲೆ ಈಜುಕೊಳ ನಿಮ್ಮದೇ.

ಕೊನೆಯ ರಾತ್ರಿ ದೊಡ್ಡ ಸಾಮಾನುಗಳನ್ನು ಬಾಗಿಲ ಹೊರಗಿಡಲು ಸಾಮಾನ್ಯವಾಗಿ ಹೇಳುತ್ತಾರೆ. ಅವು ಮತ್ತೆ ಸಿಗುವುದು ದಡದಲ್ಲಿಯೇ. ನಿಮ್ಮ ಸೂಟ್‌ಕೇಸಿನ ಹಿಡಿಕೆಗೆ ಒರಟು ಬಟ್ಟೆಯ ತುಂಡೊಂದನ್ನು ಕಟ್ಟಿ, ಕೋಲು, ಔಷಧ, ಕಾರ್ಡುಗಳು ಮತ್ತು ಮರುದಿನದ ಉಡುಪನ್ನು ಮುಟ್ಟಿ ಎಣಿಸಿ ಒಳಗೆ ಉಳಿಸಿಕೊಳ್ಳಿ. ಪಾದರಕ್ಷೆಯನ್ನೂ ಸೇರಿಸಿ ಎಣಿಸಿ. ನಮ್ಮ ಮನೆಯವರು ಅದೊಂದನ್ನು ಮರೆತು, ಬಲ್ಲಾರ್ಡ್ ಪಿಯರ್‌ನಲ್ಲಿ ಬಾತ್‌ರೂಮಿನ ಚಪ್ಪಲಿ ಮೆಟ್ಟಿಕೊಂಡೇ ಇಳಿದರು.