ಬಸ್ಸಿಗೆ ಜಾಗ ಬಿಡದ ಜಾಣ ಕಾರುಗಳು

ಕಾರುಗಳು ಒಂದಕ್ಕೊಂದು ಮಾತಾಡಿಕೊಂಡು ಓಡಿದರೆ ಅದೇ ರಸ್ತೆಯಲ್ಲಿ ಎಷ್ಟು ಹೆಚ್ಚು ಕಾರು ಹೋಗಬಹುದು? ಮೊದಲು ಕಾಗದದ ಮೇಲೆ ಲೆಕ್ಕ ಹಾಕಿದೆ. ವೇಗ ಗಂಟೆಗೆ 100 ಕಿ.ಮೀ., ಕಾರಿನ ಉದ್ದ 5 ಮೀಟರ್, ಮುಂದಿನ ಕಾರಿನಿಂದ 1.5 ಸೆಕೆಂಡ್ ಅಂತರ. ಒಂದು ಲೇನ್‌ನಲ್ಲಿ ಗಂಟೆಗೆ ಸುಮಾರು 2,100 ಕಾರು ದಾಟುತ್ತವೆ. ಕಾರುಗಳು ತಮ್ಮತಮ್ಮಲ್ಲೇ ಸಂದೇಶ ಕಳಿಸಿಕೊಂಡು ಅಂತರವನ್ನು 0.6 ಸೆಕೆಂಡ್‌ಗೆ ಇಳಿಸಿದರೆ? ಅದೇ ಲೇನ್‌ನಲ್ಲಿ 4,600! ಸಿಮ್ಯುಲೇಶನ್‌ನಲ್ಲಿ ಇದನ್ನು ತೋರಿಸಿದರೆ ಕೆಲಸ ಮುಗೀತು ಅಂದುಕೊಂಡೆ.

ರಸ್ತೆ ಸಂಚಾರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಸುಮೋ ಎಂಬ ಸಾಫ್ಟ್‌ವೇರ್‌ನಲ್ಲಿ ಮೂರು ಲೇನ್‌ನ ಫ್ರೀವೇ ಬರೆದು, ಅದರೊಳಗೆ ಬಂದು ಸೇರುವ ಒಂದು ರ‍್ಯಾಂಪ್ ಸೇರಿಸಿದೆ. ಮೊದಲ ದಿನವೇ ಕಾರುಗಳು ಡಿಕ್ಕಿ ಹೊಡೆದುಕೊಂಡವು. ತಪ್ಪು ನನ್ನದೇ. ಸುಮೋ ಸುಮ್ನೆ ಬಿಟ್ಟರೆ 1 ಸೆಕೆಂಡ್‌ಗೆ ಒಮ್ಮೆ ಲೆಕ್ಕ ಮಾಡುತ್ತದೆ. 0.6 ಸೆಕೆಂಡ್ ಅಂತರದ ಕಾರಿಗೆ ಅದು ಅರೆಕಣ್ಣು ಮುಚ್ಚಿ ಓಡಿಸಿದ ಹಾಗೆ. ಆ ಲೆಕ್ಕದ ಅವಧಿಯನ್ನು 0.1 ಸೆಕೆಂಡ್‌ಗೆ ಇಳಿಸಿದ ಮೇಲೆ ಸರಿಯಾಯಿತು.

ಆಮೇಲೆ ನೂರಕ್ಕೆ 20 ಕಾರಿಗೆ ಮಾತ್ರ ಈ ಸಂದೇಶದ ಸಂಪರ್ಕ ಇರುವಂತೆ ಮಾಡಿದೆ. ಲಾಭ ಹೆಚ್ಚುಕಡಿಮೆ ಏನೂ ಇಲ್ಲ! ಹಿಂದಿನದೂ ಮುಂದಿನದೂ ಎರಡೂ ಮಾತಾಡಬೇಕಲ್ವಾ? ಅಂಥ ಜೋಡಿ ಸಿಗುವುದು ನೂರಕ್ಕೆ ನಾಲ್ಕು.

ಎಲ್ಲ ಕಾರುಗಳಿಗೂ ಸಂಪರ್ಕ ಕೊಟ್ಟು ಬಸ್ಸುಗಳನ್ನು ಬಿಟ್ಟಾಗಲೇ ನಿಜವಾದ ತಲೆನೋವು ಶುರು. ಕಾರಿನ ಹರಿವು ಚೆನ್ನಾಗಿತ್ತು. ಆದರೆ ಪರದೆ ನೋಡುತ್ತಾ ಕೂತಾಗ, ರ‍್ಯಾಂಪ್ ತುದಿಯಲ್ಲಿ ನಿಂತಿದ್ದ ಬಸ್ಸು ಮಾಯವಾಗಿ ಮುಂದೆಲ್ಲೋ ಪ್ರತ್ಯಕ್ಷವಾಯಿತು. 300 ಸೆಕೆಂಡ್ ಸಿಕ್ಕಿಹಾಕಿಕೊಂಡ ಗಾಡಿಯನ್ನು ಸುಮೋ ತಾನೇ ಎತ್ತಿ ಮುಂದೆ ಹಾಕುತ್ತದೆ. ನನ್ನ ಒಳ್ಳೆಯ ಫಲಿತಾಂಶದ ಗುಟ್ಟು ಇದು! ಆ ಸೌಲಭ್ಯ ಆಫ್ ಮಾಡಿದೆ. ರ‍್ಯಾಂಪ್ ತುಂಬಾ ಬಸ್ಸಿನ ಸಾಲು.

ಕಾರಣ ಸರಳ. 0.6 ಸೆಕೆಂಡ್ ಅಂದರೆ 16.7 ಮೀಟರ್ ಜಾಗ. ಬಸ್ಸೇ 12 ಮೀಟರ್. ನಿಂತ ಪ್ರಯಾಣಿಕರಿರುವ ಬಸ್ಸನ್ನು ಕಾರಿನಂತೆ ಜಗ್ಗಿಸಿ ಒಳಗೆ ನುಗ್ಗಿಸುವ ಹಾಗೂ ಇಲ್ಲ.

ಬಸ್ಸಿಗೂ ಸಂಪರ್ಕ ಕೊಟ್ಟೆ. ರ‍್ಯಾಂಪ್ ತಲುಪುವ ಮೊದಲೇ ಅದು ‘ಬರ್ತಿದ್ದೀನಿ’ ಎಂದು ತಿಳಿಸಬೇಕು, ಸಾಲಿನಲ್ಲಿ ಒಂದು ಕಾರು ನಿಧಾನಿಸಿ ಜಾಗ ಬಿಡಬೇಕು. ತಡವಾಗಿ ಕೇಳಿದರೆ ಆ ಕಾರು ಜೋರಾಗಿ ಬ್ರೇಕ್ ಹಾಕುತ್ತದೆ, ಹಿಂದಿನ ಕಾರುಗಳೂ ಒಂದೊಂದಾಗಿ ಬ್ರೇಕ್ ಹಾಕುತ್ತಾ ಅದು ಅಲೆಯ ಹಾಗೆ ಹಿಂದಕ್ಕೆ ಹರಡುತ್ತದೆ. ಬೇಗ ಕೇಳಿದರೆ ಬೇರೆ ಲೇನಿನ ಕಾರು ಆ ಜಾಗಕ್ಕೆ ನುಗ್ಗುತ್ತದೆ. ಹೊತ್ತು ಹೊಂದಿಸೋಕೆ ಜಾಸ್ತಿ ಸಮಯ ಹಿಡಿಯಿತು.

ಕೊನೆಗೆ ಕಾರಿನ ಎಣಿಕೆ ಸ್ವಲ್ಪ ಇಳಿಯಿತು. ಆದರೆ ಗಾಡಿ ಬಿಟ್ಟು ತಲೆ ಎಣಿಸಿದರೆ, 40 ಜನರ ಬಸ್ಸಿನ ಲೆಕ್ಕವೇ ಬೇರೆ. ಈಗ ಫ್ರೀವೇಯಿಂದ ಹೊರಗೆ ಹೋಗುವ ರ‍್ಯಾಂಪ್ ಹಿಡಿದಿದ್ದೇನೆ. ಅಲ್ಲಿ ಬಸ್ಸು ಎರಡು ಲೇನ್ ದಾಟಬೇಕು.