18ರಿಂದ 17ಕ್ಕೆ ಇಳಿದೆ: ಭಾರದ ಕಾರಿಗೆ ಟೈರ್ ಹುಡುಕಿದ ನನ್ನ ಅನುಭವ

"ಆನೆಗೆ ಆಡಿನ ಕಾಲು ಕಟ್ಟಿಸ್ತಿದ್ದೀರಲ್ಲ ಸಾವ್ಕಾರ್ರೇ" ಅಂದಿದ್ದ ದಾವಣಗೆರೆ ಪಿ.ಬಿ. ರಸ್ತೆಯ ಟೈರ್ ಅಂಗಡಿಯವನು, ನನ್ನ ಭಾರದ ಕಾರಿಗೆ 18 ಇಂಚಿನ ಬದಲು 17 ಇಂಚಿನ ಚಕ್ರ ಹಾಕಿಸ್ತೀನಿ ಅಂದಾಗ. ಸುಮಾರು ಮೂರು ವರ್ಷದ ಹಿಂದಿನ ಮಾತು. ಹೋದ ತಿಂಗಳು ಅದೇ ಮನುಷ್ಯ ತನ್ನ ಗಿರಾಕಿಯೊಬ್ಬರನ್ನು ನನ್ನ ಮೆಕ್ಕೆಜೋಳದ ಗೋದಾಮಿಗೆ ಕಳಿಸಿದ, ಅವರನ್ನೇ ಕೇಳಿ ಅಂತ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದು ಹಾಕ್ತಿದ್ದೇನೆ.

ಕಾರು 2014ರ ಬಿಎಂಡಬ್ಲ್ಯು 530ಡಿ. 2021ರಲ್ಲಿ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದೆ. ಮೂರು ಲೀಟರ್ ಡೀಸೆಲ್, ಆರು ಸಿಲಿಂಡರ್, 258 ಹಾರ್ಸ್‌ಪವರ್, 560 ನ್ಯೂಟನ್ ಮೀಟರ್ ಟಾರ್ಕ್, ಅಷ್ಟೂ ಹಿಂದಿನ ಎರಡು ಚಕ್ರಕ್ಕೆ. ಬಂದಾಗ 245/45 ಆರ್ 18 ರನ್‌ಫ್ಲ್ಯಾಟ್ ಟೈರ್ ಇದ್ದವು (245 ಮಿಲಿಮೀಟರ್ ಅಗಲ, ಪಕ್ಕದ ಗೋಡೆ ಅಂದರೆ ಸೈಡ್‌ವಾಲ್ ಎತ್ತರ ಅಗಲದ 45 ಪರ್ಸೆಂಟ್, 18 ಇಂಚಿನ ರಿಮ್). ಡಿಕ್ಕಿಯಲ್ಲಿ ಸ್ಟೆಪ್ನಿ ಇರಲಿಲ್ಲ. ರನ್‌ಫ್ಲ್ಯಾಟ್ ಅಂದರೆ ಗಾಳಿ ಪೂರ್ತಿ ಹೋದರೂ ಗಂಟೆಗೆ 80ರ ವೇಗದೊಳಗೆ 80 ಕಿಲೋಮೀಟರ್ ದೂರ ಓಡಿಸಬಹುದಾದ ಟೈರ್. ಕೇಳೋಕೆ ಚೆನ್ನಾಗಿದೆ. ಆದರೆ ಓಡಿಸಿ ಮನೆಗೆ ತಂದ ಮೇಲೆ ಏನು?

ನನಗೆ ಆಗಿದ್ದು ಅದೇ. ಜಗಳೂರು ಕಡೆಯಿಂದ ಮಾಲು ನೋಡಿ ಬರುವಾಗ ರಾತ್ರಿ ಒಂದು ಗುಂಡಿ, ಎಡಗಡೆ ಮುಂದಿನ ಟೈರಿನ ಸೈಡ್‌ವಾಲ್ ಹರಿಯಿತು. ಮನೆಗೇನೋ ಬಂದೆ. ಆಮೇಲೆ ಆ ಸೈಜಿನ ಒಂದು ಟೈರಿಗೆ ಆರು ದಿನ ಕಾದೆ. 2020ರ ಜೂನ್‌ನಲ್ಲಿ ಸರ್ಕಾರ ಟೈರ್ ಆಮದಿಗೆ ಲೈಸೆನ್ಸ್ ಬೇಕು ಅಂತ ಮಾಡಿತ್ತಲ್ಲ, ಅದರ ಬಿಸಿ ಇಂಥ ಸೈಜಿನವರಿಗೆ ಜಾಸ್ತಿ ತಟ್ಟಿತು. ಕೊನೆಗೆ ಸಿಕ್ಕಿದ್ದಕ್ಕೆ 24 ಸಾವಿರದ ಹತ್ತಿರ ಕೊಟ್ಟೆ. ಅದನ್ನು ಹಾಕುವವನು ಮಾಮೂಲಿ ಮಷಿನ್ ಮೇಲೆ ಕೂರಿಸಿ ಲಿವರ್ ಹಾಕಿ ಎಳೆದ, ಬೀಡ್ (ರಿಮ್ಮಿಗೆ ಕೂರುವ ಟೈರಿನ ಅಂಚು) ಕಿತ್ತುಬಂತು. ರನ್‌ಫ್ಲ್ಯಾಟ್ ಸೈಡ್‌ವಾಲ್ ಕಲ್ಲಿನ ಹಾಗೆ ಇರುತ್ತೆ, ಒತ್ತಿ ಹಿಡಿಯೋ ಹೆಲ್ಪರ್ ಆರ್ಮ್ ಇಲ್ಲದ ಮಷಿನ್‌ಗೆ ಕೊಡಲೇಬಾರದು. ಅಂಗಡಿ ಹೆಸರು ಬೇಡ ಬಿಡಿ, ನಷ್ಟದ ಅರ್ಧ ದುಡ್ಡು ಅವನೇ ಕೊಟ್ಟ.

ಅಲ್ಲಿಂದ ನನ್ನ ಪ್ರಯೋಗ ಶುರು. ಮೊದಲನೆಯದು ಅತಿ ಬುದ್ಧಿವಂತಿಕೆ. ಮುಂದಿನ ಎರಡು ರನ್‌ಫ್ಲ್ಯಾಟ್ ಇನ್ನೂ ಚೆನ್ನಾಗಿದ್ದವು, ಹಿಂದಿನವು ಬೋಳಾಗಿದ್ದವು. ಹಿಂದೆ ಮಾತ್ರ ಮಾಮೂಲಿ ಟೈರ್ ಹಾಕಿಸಿದೆ, 31 ಸಾವಿರ ಚಿಲ್ಲರೆ. ಊರೊಳಗೆ ಏನೂ ಗೊತ್ತಾಗಲಿಲ್ಲ. ಆಷಾಢದಲ್ಲಿ ಚಿತ್ರದುರ್ಗ ದಾಟುವಾಗ ಗೊತ್ತಾಯಿತು. ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ ಅಲ್ವಾ, ಆ ತಿಂಗಳಲ್ಲಿ ಪಕ್ಕದಿಂದ ಗಾಳಿ ಗುದ್ದುತ್ತೆ. ಲಾರಿ ಹಿಂದೆ ಹಾಕಿ ಹೊರಗೆ ಬಂದ ತಕ್ಷಣ ಮುಂಭಾಗ ಗಟ್ಟಿ ನಿಂತು, ಹಿಂಭಾಗ ಅರ್ಧ ಕ್ಷಣ ತಡವಾಗಿ ಬಂತು. ಸ್ಟೀರಿಂಗ್ ತಿದ್ದಿದರೆ ಮತ್ತೆ ಆ ಕಡೆಗೆ. ನನ್ನ ಹೆಂಡತಿ ಪಕ್ಕದಲ್ಲೇ ಇದ್ದಳು, ಏನೂ ಅನ್ನಲಿಲ್ಲ, ಡ್ಯಾಶ್‌ಬೋರ್ಡ್ ಹಿಡಿದುಕೊಂಡಳು. ಮುಂದೆ ಗಟ್ಟಿ ಸೈಡ್‌ವಾಲ್, ಹಿಂದೆ ಮೆತ್ತನೆಯದು. ಈ ಬೆರಕೆ ಯಾರೂ ಮಾಡಬೇಡಿ.

ಅದೇ ಹಿಂದಿನ ಟೈರೊಂದು ಹಿರಿಯೂರಿನ ಹತ್ತಿರ ರಾತ್ರಿ ಹನ್ನೊಂದಕ್ಕೆ ಸೈಡಿನಲ್ಲಿ ಹರಿಯಿತು. ಈಗ ರನ್‌ಫ್ಲ್ಯಾಟೂ ಅಲ್ಲ, ಸ್ಟೆಪ್ನಿಯೂ ಇಲ್ಲ. ಪಂಕ್ಚರ್ ಕಿಟ್ ಇತ್ತು, ಅದು ಮೊಳೆ ಚುಚ್ಚಿದರೆ ಸರಿ, ಸೈಡ್ ಹರಿದರೆ ಅದರಿಂದ ಏನು ಪ್ರಯೋಜನ? ಫ್ಲ್ಯಾಟ್‌ಬೆಡ್ ಲಾರಿಯವನು ದಾವಣಗೆರೆಗೆ ಆರೂವರೆ ಸಾವಿರ ತಗೊಂಡ, ದಾರಿಯುದ್ದಕ್ಕೂ ಇಂಥ ಕಾರು ತಗೊಂಡವರ ಕಷ್ಟದ ಕಥೆ ಬೇರೆ ಹೇಳಿದ.

ಎರಡನೆಯದು ಜಿಪುಣತನ. ನಾಲ್ಕೂ ಮಾಮೂಲಿ, ನಾಲ್ಕೂ 18 ಇಂಚು, ಒಂದಕ್ಕೆ ಒಂಬತ್ತೂವರೆ ಸಾವಿರ, ಒಟ್ಟು 38. ಬ್ರ್ಯಾಂಡ್ ಹೇಳಲ್ಲ. ಮೊದಲ ಐದು ಸಾವಿರ ಕಿಲೋಮೀಟರ್ ನಾನೇ ಎಲ್ಲರಿಗೂ ಹೊಗಳಿಕೊಂಡು ಓಡಾಡಿದೆ. ಆಮೇಲೆ ಒಳಗೆ ಹೆಲಿಕಾಪ್ಟರ್ ಸದ್ದು. ಮಳೆಯಲ್ಲಿ ಎರಡನೇ ಗೇರಿನಲ್ಲೂ ಟ್ರ್ಯಾಕ್ಷನ್ ಲೈಟ್ (ಚಕ್ರ ಜಾರುತ್ತಿದೆ ಅನ್ನೋ ದೀಪ) ಮಿಣುಕುತ್ತಿತ್ತು. ಹತ್ತಿರ ಹತ್ತಿರ ಹನ್ನೊಂದು ಸಾವಿರಕ್ಕೆ ಎರಡು ಟೈರಿಗೆ ಬುಗುಟು ಎದ್ದಿತು, ಒಂದು ಅಲಾಯ್ ಸೊಟ್ಟ ಆಯಿತು. ಅಲಾಯ್ ನೇರ ಮಾಡಿಸೋಕೆ ಎರಡೂವರೆ ಸಾವಿರ, ಎರಡು ಸಲ.

ಅಲ್ಲಿಗೆ ಲಕ್ಷದ ಹತ್ತಿರ ಹೋಗಿತ್ತು. ಮನೆಯಲ್ಲಿ ಪೂರ್ತಿ ಲೆಕ್ಕ ಇವತ್ತಿಗೂ ಹೇಳಿಲ್ಲ.

ಆಮೇಲೆ ತಲೆ ಓಡಿಸಿದೆ. ನಮ್ಮ ಕಡೆ ಅನುಕೂಲ ಏನಂದ್ರೆ ವೇ ಬ್ರಿಡ್ಜ್ ಯಾವಾಗಲೂ ಕೈಗೆ ಸಿಗುತ್ತೆ. ಒಂದು ಭಾನುವಾರ ಲಾರಿಗಳಿಲ್ಲದ ಹೊತ್ತಿಗೆ ಕಾರು ಹತ್ತಿಸಿದೆ. ಟ್ಯಾಂಕ್ ತುಂಬಿ, ನಾನೊಬ್ಬನೇ ಇದ್ದಾಗ 1,800ಕ್ಕೆ ಸ್ವಲ್ಪ ಜಾಸ್ತಿ. ಆಮೇಲೆ ಹೆಂಡತಿ, ಅಮ್ಮ, ಇಬ್ಬರು ಮಕ್ಕಳು, ಡಿಕ್ಕಿಗೆ ಎರಡು ಅಕ್ಕಿ ಮೂಟೆ. 2,140. ಹಿಂದಿನ ಚಕ್ರ ಮಾತ್ರ ಕಾಟಾ ಮೇಲೆ ಬರುವ ಹಾಗೆ ನಿಲ್ಲಿಸಿದರೆ 1,180. ಅಂದ್ರೆ ಒಂದು ಹಿಂದಿನ ಟೈರ್ ಮೇಲೆ ನಿಂತಲ್ಲೇ 590 ಕಿಲೋ. ಅಮ್ಮ "ನನ್ನನ್ನೂ ಮೆಕ್ಕೆಜೋಳದ ಹಾಗೆ ತೂಗ್ತೀಯೇನೋ" ಅಂತ ಬೈದರು.

ಅಗ್ಗದ ಟೈರಿನ ಲೋಡ್ ಇಂಡೆಕ್ಸ್ (ಒಂದು ಟೈರ್ ಎಷ್ಟು ಭಾರ ಹೊರುತ್ತೆ ಅನ್ನೋ ನಂಬರ್) 96 ಇತ್ತು, ಅಂದರೆ 710 ಕಿಲೋ. ಕಾಗದದ ಮೇಲೆ ಸಾಕು. ಆದರೆ ಆ ನಂಬರ್ ಪೂರ್ತಿ ಗಾಳಿ ಇದ್ದಾಗಿನದು. ನಾನು ಕಾರು ಮೆತ್ತಗೆ ಹೋಗಲಿ ಅಂತ ಎರಡು ಮೂರು ಪಿಎಸ್ಐ ಕಡಿಮೆ ಇಟ್ಟಿದ್ದೆ, ಅದರ ಮೇಲೆ ಹಂಪ್ ಹಾರಿಸುತ್ತಿದ್ದೆ. ಬುಗುಟಿಗೆ ಟೈರ್ ಎಷ್ಟು ಕಾರಣವೋ ನಾನೂ ಅಷ್ಟೇ ಕಾರಣ. ಎಕ್ಸ್‌ಎಲ್, ಅಂದರೆ ಎಕ್ಸ್‌ಟ್ರಾ ಲೋಡ್, ಅಂತ ಬರೆದಿರುವ ಹೆಚ್ಚು ಭಾರ ಹೊರುವ ಟೈರ್ ಬೇಕು ಅನ್ನೋದು ಅವತ್ತು ತಲೆಗೆ ಹೋಯಿತು.

ಇನ್ನೊಂದು ಸಣ್ಣ ಲೆಕ್ಕ. 245ರ 45 ಪರ್ಸೆಂಟ್ ಅಂದರೆ ಸೈಡ್‌ವಾಲ್ ಎತ್ತರ 110 ಮಿಲಿಮೀಟರ್. ಇದೇ ಮಾಡೆಲಿನ ಚಿಕ್ಕ ಇಂಜಿನ್ 520ಡಿಗೆ ಕಂಪನಿಯೇ 225/55 ಆರ್ 17 ಕೊಟ್ಟಿತ್ತು. ಅದರದ್ದು 124. ಒಟ್ಟು ಚಕ್ರದ ವ್ಯಾಸ ಒಂದು 678, ಇನ್ನೊಂದು 679. ಸ್ಪೀಡೋಮೀಟರಿಗೆ ಗೊತ್ತೂ ಆಗಲ್ಲ. ಆದರೆ ಗುಂಡಿಗೂ ಅಲಾಯ್‌ಗೂ ನಡುವೆ ಸುಮಾರು 14 ಮಿಲಿಮೀಟರ್ ರಬ್ಬರ್ ಜಾಸ್ತಿ. ಲೋಡ್ 101 ಇರುವ ಎಕ್ಸ್‌ಎಲ್ ತಗೊಂಡರೆ ಒಂದಕ್ಕೆ 825 ಕಿಲೋ. ಚಿಕ್ಕ ಚಕ್ರ ಹಾಕಿ ಹೆಚ್ಚು ಭಾರ ಹೊರಬಹುದು ಅಂದಾಗ ಯಾರೂ ನಂಬಲಿಲ್ಲ. ನನ್ನ ಭಾವ ಅಂತೂ "ಎಲ್ಲರೂ ದೊಡ್ಡದು ಹಾಕಿಸ್ತಾರೆ, ನೀವು ಇಳಿಸ್ತೀರಲ್ಲ, ಸಾಲ ಏನಾದರೂ ಆಗಿದೆಯಾ?" ಅಂತ ಗಂಭೀರವಾಗಿಯೇ ಕೇಳಿದ.

ಭಯ ಇದ್ದಿದ್ದು ಬ್ರೇಕ್ ಬಗ್ಗೆ. 530ರ ಡಿಸ್ಕ್, ಕ್ಯಾಲಿಪರ್ ದೊಡ್ಡವು, 17ರ ಒಳಗೆ ಕೂರದಿದ್ದರೆ ದುಡ್ಡು ದಂಡ. ಅದಕ್ಕೇ ಮೊದಲು ಒಂದೇ ಒಂದು ಚಕ್ರ ಬಾಡಿಗೆ ಮಾತಾಡಿ ತಂದೆ, ಮುಂದೆ ಹಾಕಿ, ಬ್ಯಾಲೆನ್ಸ್ ಮಾಡುವಾಗ ಅಂಟಿಸುವ ತೂಕದ ಪಟ್ಟಿ ಸಮೇತ ಕೈಯಲ್ಲಿ ತಿರುಗಿಸಿ ನೋಡಿದೆ. ಕ್ಯಾಲಿಪರಿಗೂ ರಿಮ್ಮಿಗೂ ನಡುವೆ ಕಿರುಬೆರಳು ಆರಾಮಾಗಿ ಹೋಗುತ್ತಿತ್ತು. ಆಮೇಲೇ ಐದು ಚಕ್ರ ಕೊಂಡೆ. ಹೌದು, ಐದು. ಬೆಂಗಳೂರಿನ ಹಳೇ ಸಾಮಾನಿನವರ ಹತ್ತಿರ, 60ರಿಂದ ಶುರುವಾಗಿ 42 ಸಾವಿರಕ್ಕೆ ನಿಂತಿತು. ಯಾರ ಹತ್ತಿರ ಅಂತ ಕೇಳಬೇಡಿ, ನನಗೆ ಇನ್ನೊಂದು ಸೆಟ್ ಬೇಕಿದೆ. 5x120 (ಐದು ಬೋಲ್ಟ್, ಅವು ಕೂರುವ ವೃತ್ತದ ವ್ಯಾಸ 120 ಮಿಲಿಮೀಟರ್), ನಡುವಿನ ತೂತು 72.6 ಮಿಲಿಮೀಟರ್, ಅಗಲ ಮತ್ತು ಆಫ್‌ಸೆಟ್ (ಚಕ್ರ ಎಷ್ಟು ಒಳಗೆ ಹೊರಗೆ ಕೂರುತ್ತೆ ಅನ್ನೋ ಅಳತೆ) ಹಿಂಬದಿಯಲ್ಲಿ ಎರಕದಲ್ಲೇ ಇರುತ್ತೆ, ಅದನ್ನು ಓದದೆ ದುಡ್ಡು ಕೊಡಬೇಡಿ. ಡೂಪ್ಲಿಕೇಟ್ ಅಲಾಯ್ ಎದುರಿನಿಂದ ಅಸಲಿಯ ಹಾಗೇ ಹೊಳೆಯುತ್ತೆ, ತಿರುಗಿಸಿದರೆ ಬಣ್ಣ ಬಯಲು.

ಟೈರ್ ಮಿಶೆಲಿನ್ ಪ್ರೈಮಸಿ 4, 225/55 ಆರ್ 17, 101 ಡಬ್ಲ್ಯು. ಡಬ್ಲ್ಯು ಅಂದರೆ 270ರ ವೇಗಕ್ಕೆ. ಹೆದ್ದಾರಿಯಲ್ಲಿ ನಮ್ಮ ಮಿತಿ 100, ಇನ್ನೂ ಮೇಲಿನ ವೈ ಬೇಕೇ ಬೇಕು ಅಂತ ಅಂಗಡಿಯವನ ಹತ್ತಿರ ಜಗಳ ಮಾಡೋದ್ರಲ್ಲಿ ಅರ್ಥ ಇಲ್ಲ. ಒಂದಕ್ಕೆ ಹದಿನೈದೂವರೆ, ನಾಲ್ಕಕ್ಕೆ 62 ಸಾವಿರ. ಆಗ ಜಿಎಸ್‌ಟಿ 28 ಪರ್ಸೆಂಟ್. 2025ರ ಸೆಪ್ಟೆಂಬರ್‌ನಿಂದ 18ಕ್ಕೆ ಇಳಿದಿದೆ, ಈಗ ತಗೊಳ್ಳುವವರು ಪುಣ್ಯವಂತರು. ಮೊದಲು ತಂದ ನಾಲ್ಕರಲ್ಲಿ ಎರಡು ವಾಪಸ್ ಕಳಿಸಿದೆ. ಸೈಡಿನಲ್ಲಿರುವ ನಾಲ್ಕು ಅಂಕಿ ಓದಿ: 1822 ಅಂದರೆ 2022ರ 18ನೇ ವಾರ. ಎರಡರ ಮೇಲೆ 2020ರ ನಂಬರ್ ಇತ್ತು. "ಸ್ಟಾಕ್ ನೆರಳಲ್ಲೇ ಇಟ್ಟಿದ್ವಿ ಸಾವ್ಕಾರ್ರೇ" ಅಂದ. ಇರಬಹುದು. ಹೊಸದರ ರೇಟಿಗೆ ನಾನ್ಯಾಕೆ ಹಳೇದು ತಗೊಳ್ಳಲಿ?

ಐದನೇ ಚಕ್ರಕ್ಕೆ ಅದೇ ಸೈಜಿನ ಅರ್ಧ ಸವೆದ ಟೈರ್, ನಾಲ್ಕು ಸಾವಿರ. ದಪ್ಪ ಕ್ಯಾನ್ವಾಸ್ ಚೀಲದಲ್ಲಿ ಹಾಕಿ ಡಿಕ್ಕಿಯಲ್ಲಿ ಬೆಲ್ಟ್ ಬಿಗಿದು ಮಲಗಿಸಿದ್ದೇನೆ. ಜಾಗ ತಿನ್ನುತ್ತೆ, ಮದುವೆಗೆ ಹೋಗುವಾಗ ಮನೆಯವರ ಗೊಣಗಾಟ ತಪ್ಪಿದ್ದಲ್ಲ. ಹಿರಿಯೂರಿನ ಆ ರಾತ್ರಿ ನೆನಪಿಸಿದರೆ ಸುಮ್ಮನಾಗ್ತಾರೆ. ಹಳೇ 18ರ ಅಲಾಯ್ ನಾಲ್ಕು 45 ಸಾವಿರಕ್ಕೆ ಹೋದವು, ಅಂದ್ರೆ ಚಕ್ರದ ಖರ್ಚು ಲಾಭದಲ್ಲೇ ಮುಗಿಯಿತು. ಇದನ್ನು ಮಾತ್ರ ಮನೆಯಲ್ಲಿ ಹತ್ತು ಸಲ ಹೇಳಿದ್ದೇನೆ.

ಹಾಕಿದ ಮೇಲೆ ಎರಡು ದಿನ ಟೈರ್ ಪ್ರೆಷರ್ ಎಚ್ಚರಿಕೆ ಬಡಿದುಕೊಂಡಿತು. ರೀಸೆಟ್ ಮಾಡೋದು ಮರೆತಿದ್ದೆ. ಈ ಕಾರು ಗಾಳಿಯನ್ನು ನೇರವಾಗಿ ಅಳೆಯಲ್ಲ, ಚಕ್ರ ತಿರುಗುವ ವೇಗ ಹೋಲಿಸಿ ಊಹಿಸುತ್ತೆ, ಹೊಸ ಚಕ್ರ ಅಂತ ಅದಕ್ಕೆ ಹೇಳಬೇಕು. ಮತ್ತೆ ಬೋಲ್ಟ್. ಗನ್ ಹಿಡಿದು ಡರ್ರ್ ಅಂತ ಬಿಗಿಯೋಕೆ ಬಿಡಬೇಡಿ. ಟಾರ್ಕ್ ರೆಂಚ್‌ನಲ್ಲಿ 140 ನ್ಯೂಟನ್ ಮೀಟರ್, ಐವತ್ತು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ. ನಾನು ಸ್ವಂತ ರೆಂಚ್ ಒಯ್ಯುತ್ತೇನೆ, ಅಂಗಡಿ ಹುಡುಗರು ನಕ್ಕರೆ ನಗಲಿ.

ಗಾಳಿ ಎಷ್ಟು ಅನ್ನೋದೇ ನಿಜವಾದ ಕೆಲಸ. ಬಾಗಿಲ ಪಕ್ಕದ ಸ್ಟಿಕ್ಕರಿನಿಂದ ಶುರು ಮಾಡಿದೆ. ಬೆಳಿಗ್ಗೆ ಆರಕ್ಕೆ ತಣ್ಣಗಿರುವಾಗ ಅಳೆಯೋದು, ಸಿರಾದಲ್ಲಿ ಚಾ ಕುಡಿಯೋಕೆ ನಿಲ್ಲಿಸಿದಾಗ ಮತ್ತೆ ಅಳೆಯೋದು. ಮೊದಲು ಆರು ಏಳು ಪಿಎಸ್ಐ ಏರುತ್ತಿತ್ತು. ಅಂದ್ರೆ ಸೈಡ್‌ವಾಲ್ ಜಾಸ್ತಿ ಬಾಗಿ ಬಿಸಿಯಾಗ್ತಿದೆ, ತಣ್ಣಗಿರುವಾಗಲೇ ಗಾಳಿ ಕಡಿಮೆ ಇತ್ತು ಅಂತ ಲೆಕ್ಕ. ಒಂದೊಂದೇ ಏರಿಸುತ್ತಾ ಹೋದೆ, ಈಗ ನಾಲ್ಕರ ಆಸುಪಾಸು ಏರುತ್ತೆ. ಜೊತೆಗೆ ಟ್ರೆಡ್ (ನೆಲಕ್ಕೆ ತಾಗುವ ಟೈರಿನ ಮೈ) ಮೇಲೆ ಅಡ್ಡಡ್ಡ ಸೀಮೆಸುಣ್ಣದ ಗೆರೆ ಎಳೆದು ಗೋದಾಮಿನ ಅಂಗಳದಲ್ಲಿ ನೇರ ಓಡಿಸಿ, ಎಲ್ಲಿ ಅಳಿಸಿತು ನೋಡಿದೆ. ನಡುವೆ ಮಾತ್ರ ಅಳಿಸಿದರೆ ಗಾಳಿ ಜಾಸ್ತಿ, ಎರಡು ಅಂಚು ಮಾತ್ರ ಅಳಿಸಿದರೆ ಕಡಿಮೆ. ಕೊನೆಗೆ ಮುಂದೆ ಹಿಂದೆ ಎಷ್ಟಕ್ಕೆ ನಿಂತೆ ಅನ್ನೋದು ಹೇಳಲ್ಲ. ನಿಮ್ಮ ಕಾರಿನ ಭಾರ ಬೇರೆ, ನನ್ನ ನಂಬರ್ ನೀವು ಹಾಕಿಕೊಂಡು ಆಮೇಲೆ ನನ್ನನ್ನೇ ಬೈಬೇಡಿ.

ನಡುವೆ ನೈಟ್ರೋಜನ್ ಹುಚ್ಚೂ ಹಿಡಿದಿತ್ತು. ಎಡಗಡೆ ಎರಡಕ್ಕೆ ನೈಟ್ರೋಜನ್, ಬಲಗಡೆ ಮಾಮೂಲಿ ಗಾಳಿ, ಎರಡು ತಿಂಗಳು ಬರೆದಿಟ್ಟೆ. ನನ್ನ ಗೇಜಿಗೆ ವ್ಯತ್ಯಾಸ ಕಾಣಲಿಲ್ಲ. ಗಾಳಿಯಲ್ಲೇ 78 ಪರ್ಸೆಂಟ್ ನೈಟ್ರೋಜನ್ ಇದೆ, ಉಳಿದಿದ್ದಕ್ಕೆ ಯಾಕೆ ದುಡ್ಡು? ಏಪ್ರಿಲ್‌ನಲ್ಲಿ ಮಧ್ಯಾಹ್ನ ಎರಡಕ್ಕೆ ಇನ್ಫ್ರಾರೆಡ್ ಥರ್ಮಾಮೀಟರ್ ಹಿಡಿದು ಡಾಂಬರು ಅಳೆದೆ, 60 ದಾಟಿತ್ತು. ಅದನ್ನು ನೋಡಿದ ಮೇಲೆ ಬೇಸಿಗೆಯಲ್ಲಿ ಕಡಿಮೆ ಗಾಳಿ ಇಡಬೇಕು ಅನ್ನುವವರ ಮಾತು ಕೇಳೋದೇ ಬಿಟ್ಟೆ.

ಕೊರತೆ ಇಲ್ಲವೇ? ಇದೆ. ಸ್ಟೀರಿಂಗ್ ಮೊದಲಿನಷ್ಟು ಚುರುಕಿಲ್ಲ. ಮಳೆಯಲ್ಲಿ ಸಿಗ್ನಲ್‌ನಿಂದ ಪೂರ್ತಿ ತುಳಿದರೆ 225ರ ಅಗಲಕ್ಕೆ 560 ಟಾರ್ಕ್ ತಡೆಯಲ್ಲ, ಲೈಟ್ ಮಿಣುಕುತ್ತೆ. ನೋಡೋಕೆ ಸ್ವಲ್ಪ ಬಡಕಲು, ಅದೂ ನಿಜ. ಆದರೆ ಚಿತ್ರದುರ್ಗದ ಗಾಳಿಯಲ್ಲಿ ನೇರ ಹೋಗುತ್ತೆ. ಹಂಪ್ ಮೇಲೆ ಅಮ್ಮನಿಗೆ ಎಚ್ಚರವಾಗಲ್ಲ.

ಹಿಂದಿನ ಟೈರ್ ಒಳ ಅಂಚು ಸವೆಯುವುದು ಈ ಕಾರಿನ ಹುಟ್ಟುಗುಣ, ಹಿಂದಿನ ಚಕ್ರ ಒಳಕ್ಕೆ ವಾಲಿಕೊಂಡೇ ಇರುತ್ತೆ. ಅಲೈನ್‌ಮೆಂಟಿನವರು ಮುಂದಿನದು ಮಾತ್ರ ನೋಡಿ ದುಡ್ಡು ಕೇಳ್ತಾರೆ. ಹಿಂದಿನ ಟೋ (ಚಕ್ರ ನೇರ ನೋಡ್ತಿದೆಯೋ, ಒಳಕ್ಕೋ ಹೊರಕ್ಕೋ ತಿರುಗಿದೆಯೋ ಅನ್ನೋ ಅಳತೆ) ಸರಿ ಮಾಡಿಸಿ, ಅದೂ ಸೀಟಿನಲ್ಲಿ ಭಾರ ಇಟ್ಟು. ನಾನು ಏನಿಟ್ಟೆ ಅಂತ ಹೇಳಬೇಕಾಗಿಲ್ಲ, ಅಕ್ಕಿ ಮೂಟೆ ಮನೆಯಲ್ಲೇ ಇತ್ತು. ಎಂಟು ಸಾವಿರಕ್ಕೊಮ್ಮೆ ಮುಂದಿನದು ಹಿಂದೆ, ಹಿಂದಿನದು ಮುಂದೆ.

ಈಗ 42 ಸಾವಿರ ಕಿಲೋಮೀಟರ್ ಚಿಲ್ಲರೆ ಆಗಿದೆ. ಎರಡು ಪಂಕ್ಚರ್, ಎರಡೂ ಮೊಳೆ. ಬುಗುಟು ಒಂದೂ ಇಲ್ಲ, ಅಲಾಯ್ ಸೊಟ್ಟ ಆಗಿಲ್ಲ. ಮೊನ್ನೆ ಟ್ರೆಡ್ ಆಳ ಅಳೆದಾಗ ಮುಂದೆ ನಾಲ್ಕೂವರೆ ಮಿಲಿಮೀಟರ್, ಹಿಂದೆ ಮೂರೂವರೆ, ಒಳ ಅಂಚಿನಲ್ಲಿ ಸ್ವಲ್ಪ ಕಡಿಮೆ. ಕಾನೂನಿನ ಪ್ರಕಾರ 1.6ವರೆಗೂ ಓಡಿಸಬಹುದು. ನಾನು ಮೂರಕ್ಕೆ ಬಂದರೆ ತೆಗೆಸ್ತೀನಿ, ಮುಂಗಾರಿಗೆ ಮುಂಚೆಯೇ. ಟೈರ್ ಅಂಗಡಿಯವನಿಗೆ ಆರ್ಡರ್ ಕೊಟ್ಟಿದ್ದೇನೆ, ಅದೇ ಸೈಜು, 101. ಈ ಸಲ ಆನೆ, ಆಡು ಅಂತ ಏನೂ ಅನ್ನಲಿಲ್ಲ, ತಾರೀಕು ಹೊಸದಿರೋದೇ ತರಿಸ್ತೀನಿ ಅಂದ.